ಹಿತ್ತಲ ಜಗಲಿಗೆ ಮರೆಗೋಡೆ: ಎಲ್ಲಿ, ಎಷ್ಟು ಎತ್ತರ, ಯಾವುದರಲ್ಲಿ?

ಪ್ರಶ್ನೆ: ಚಿಕ್ಕಮಗಳೂರಿನ ಅಂಚಿನ ಬಡಾವಣೆಯೊಂದರಲ್ಲಿ ನಮ್ಮ ಮನೆ ಇದೆ. ಹಿಂದೆ, ಪಶ್ಚಿಮಕ್ಕೆ, 20 ಅಡಿ ಉದ್ದ 10 ಅಡಿ ಅಗಲದ ಜಗಲಿ ಇದೆ. ಅದರ ಅಂಚಿಗೆ ಸೈಜುಗಲ್ಲಿನ ಕಟ್ಟೆ, ಅಲ್ಲಿಂದ ಹಿತ್ತಲು 2 ಅಡಿ ತಗ್ಗು. ಜಗಲಿ ಅಂಚಿನಿಂದ 11 ಅಡಿಗೆ ನಮ್ಮ ಗಡಿ ಮುಗಿಯುತ್ತದೆ. ಗಡಿಯಾಚೆ 15 ಅಡಿ ದೂರದಲ್ಲಿ ಪಕ್ಕದವರು ಮಹಡಿ ಕಟ್ಟಿ ಹೋಂಸ್ಟೇ ಮಾಡಿದ್ದಾರೆ. ಅವರ ಬಾಲ್ಕನಿ ನೆಲ ನಮ್ಮ ಜಗಲಿಗಿಂತ ಸುಮಾರು 10 ಅಡಿ ಮೇಲಿದೆ. ಸಂಜೆ ಜಗಲಿಯಲ್ಲಿ ಕೂರುವುದೇ ಕಷ್ಟವಾಗಿದೆ. ಗಡಿಯಲ್ಲಿ 4 ಇಂಚಿನ ಸಾಲಿಡ್ ಬ್ಲಾಕಿನಲ್ಲಿ 8 ಅಡಿ ಗೋಡೆ ಎಬ್ಬಿಸೋಣ ಅನ್ನುತ್ತಾರೆ ಮೇಸ್ತ್ರಿ. ನೆಂಟರು ಬಿದಿರು ಸಾಕು ಅನ್ನುತ್ತಾರೆ. ಅಂಗಡಿಯವರು ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಡಬ್ಲ್ಯುಪಿಸಿ ಪಟ್ಟಿ ತೋರಿಸಿದರು. ಗೋಡೆಯ ಒಂದು ತುದಿ ಅಡುಗೆಮನೆ ಗೋಡೆಗೆ ತಾಗುತ್ತದೆ. ಏನು ಮಾಡಲಿ?

ಉತ್ತರ: ನೀವು ಅಳತೆ ಬರೆದು ಕಳಿಸಿದ್ದು ಬಹಳ ಒಳ್ಳೆಯದಾಯಿತು. ಸಾಮಾನ್ಯವಾಗಿ ಎಲ್ಲರೂ ಸಾಮಗ್ರಿಯಿಂದ ಶುರು ಮಾಡುತ್ತಾರೆ. ಇಟ್ಟಿಗೆಯೋ, ಬಿದಿರೋ, ಕಬ್ಬಿಣವೋ ಅಂತ. ಮೊದಲು ತೀರ್ಮಾನ ಆಗಬೇಕಾದದ್ದು ಮರೆ ಎಲ್ಲಿ ನಿಲ್ಲಬೇಕು ಅನ್ನುವುದು. ಜಾಗ ಸರಿಯಾದರೆ ಎತ್ತರ ಇಳಿಯುತ್ತದೆ. ಎತ್ತರ ಇಳಿದರೆ ಗಾಳಿಯ ಹೊಡೆತ ಇಳಿಯುತ್ತದೆ. ಆಮೇಲೆ ಸಾಮಗ್ರಿಯ ಆಯ್ಕೆ ಸುಲಭ, ಖರ್ಚೂ ಕಡಿಮೆ.

ನಿಮ್ಮ ಅಳತೆಯನ್ನೇ ಇಟ್ಟುಕೊಂಡು ಲೆಕ್ಕ ಹಾಕೋಣ. ಎಲ್ಲ ಎತ್ತರವನ್ನೂ ನಿಮ್ಮ ಜಗಲಿ ನೆಲದಿಂದ ಅಳೆಯೋಣ. ಬಾಲ್ಕನಿಯಲ್ಲಿ ನಿಂತವರ ಕಣ್ಣು ಸುಮಾರು 15 ಅಡಿಗೆ ಬರುತ್ತದೆ. ನಿಮ್ಮ ಕುರ್ಚಿಯಲ್ಲಿ ಕೂತವರ ತಲೆ ಸುಮಾರು 4 ಅಡಿಗೆ. ಮನೆ ಗೋಡೆಯ ಹತ್ತಿರ, ಅಂದರೆ ಜಗಲಿ ಅಂಚಿನಿಂದ 8 ಅಡಿ ಒಳಗೆ ಕೂತವರಿಂದ ಬಾಲ್ಕನಿಗೆ 34 ಅಡಿ ದೂರ. ಈ ಎರಡು ಬಿಂದುಗಳ ನಡುವೆ ಒಂದು ದಾರ ಎಳೆದಂತೆ ಯೋಚಿಸಿ. ಆ ದಾರ ಜಗಲಿ ಅಂಚಿನ ಮೇಲೆ ಹಾಯುವಾಗ ಬರೀ 6.6 ಅಡಿ ಎತ್ತರದಲ್ಲಿರುತ್ತದೆ. ಗಡಿಯ ಮೇಲೆ ಹಾಯುವಾಗ 10 ಅಡಿ ದಾಟಿರುತ್ತದೆ. ಗಡಿಯಲ್ಲಿ ನೆಲ 2 ಅಡಿ ತಗ್ಗು ಅಲ್ವಾ? ಹಾಗಾಗಿ ಅಲ್ಲಿ ನೆಲದಿಂದ 12 ಅಡಿಗೂ ಜಾಸ್ತಿ ಗೋಡೆ ಬೇಕು.

ಮೇಸ್ತ್ರಿ ಹೇಳಿದ 8 ಅಡಿ ಗೋಡೆಯನ್ನು ಗಡಿಯಲ್ಲಿ ಕಟ್ಟಿದರೆ ಅದು ನಿಮ್ಮ ಜಗಲಿ ಮಟ್ಟದಿಂದ 6 ಅಡಿ ಮಾತ್ರ ಮೇಲಿರುತ್ತದೆ. ಅಷ್ಟು ದುಡ್ಡು ಸುರಿದ ಮೇಲೂ ಬಾಲ್ಕನಿಯವರಿಗೆ ನೀವು ಕಾಣುತ್ತಲೇ ಇರುತ್ತೀರಿ. ಅದೇ ಜಗಲಿ ಅಂಚಿನಲ್ಲಿ 7 ಅಡಿಯ ಮರೆ ನಿಲ್ಲಿಸಿದರೆ ಹಿಂದೆ ಕೂತವರೂ ಮುಂದೆ ಕೂತವರೂ ಮರೆಯಾಗುತ್ತಾರೆ. ಮುಂದೆ, ಅಂಚಿನಿಂದ 4 ಅಡಿಗೆ ಕೂತವರಿಗಂತೂ ಐದೂವರೆ ಅಡಿಯೇ ಸಾಕು.

ನನ್ನ ಲೆಕ್ಕವನ್ನು ಸುಮ್ನೆ ನಂಬಬೇಡಿ. ಜಗಲಿ ಅಂಚಿನಲ್ಲಿ ಎರಡು ಬಿದಿರು ಗಳ ನಿಲ್ಲಿಸಿ, 7 ಅಡಿಗೆ ಹಗ್ಗ ಕಟ್ಟಿ, ಹಳೆಯ ಸೀರೆಯೊಂದನ್ನು ಇಳಿಬಿಡಿ. ಹೋಂಸ್ಟೇಯವರ ಹತ್ತಿರ ಒಂದು ಮಾತು ಕೇಳಿ ಬಾಲ್ಕನಿಗೆ ಹೋಗಿ ನೋಡಿ. ಮನೆಯವರನ್ನು ಬೇರೆ ಬೇರೆ ಕಡೆ ಕೂರಿಸಿ, ಎಲ್ಲಿ ತಲೆ ಕಾಣುತ್ತದೆ ನೋಡಿಕೊಳ್ಳಿ. ಬಾಲ್ಕನಿಯ ಎರಡೂ ತುದಿಯಿಂದ ನೋಡಿ. ಓರೆಯಿಂದ ನೋಡಿದಾಗ ಮರೆಯ ಪಕ್ಕದಿಂದ ಜಗಲಿ ಕಾಣುತ್ತಿದ್ದರೆ ಅಡುಗೆಮನೆ ಇಲ್ಲದ ಆ ತುದಿಗೆ 3 ಅಡಿಯ ಒಂದು ತಿರುವು ಕೊಡಬೇಕಾಗುತ್ತದೆ. ಇದನ್ನೆಲ್ಲ ಪಾಯ ತೋಡುವ ಮೊದಲೇ ತಿಳಿದುಕೊಳ್ಳಬಹುದು. ಇನ್ನೊಂದು ಲಾಭವೂ ಇದೆ. ನೀವು ಏನು ಕಟ್ಟುತ್ತೀರಿ, ಯಾಕೆ ಕಟ್ಟುತ್ತೀರಿ ಅಂತ ಪಕ್ಕದವರಿಗೆ ಮೊದಲೇ ಗೊತ್ತಾಗುತ್ತದೆ. ಮನಸ್ತಾಪಕ್ಕೆ ಜಾಗ ಇರುವುದಿಲ್ಲ.

ಗಡಿಯಿಂದ ಒಳಗೆ ಬಂದರೆ ಇನ್ನೂ ಒಂದು ತಲೆನೋವು ತಪ್ಪುತ್ತದೆ. ಗೋಡೆ 6 ಇಂಚಿನದ್ದಾದರೂ ಅದರ ಪಾಯ 2–3 ಅಡಿ ಅಗಲ ಇರುತ್ತದೆ. ಗಡಿ ಗೆರೆಯ ಮೇಲೇ ಗೋಡೆ ನಿಲ್ಲಿಸಿದರೆ ಪಾಯ ಪಕ್ಕದವರ ಜಾಗಕ್ಕೆ ನುಗ್ಗುತ್ತದೆ. ಆಚೆ ಬದಿಗೆ ಗಾರೆ ಮಾಡಲು, ಬಣ್ಣ ಹೊಡೆಯಲು ಪ್ರತಿ ಸಲ ಅವರ ಅನುಮತಿ ಕೇಳಬೇಕು. ಎತ್ತರದ ಕಾಂಪೌಂಡಿಗೆ ನಗರಸಭೆ ಅಥವಾ ಪಂಚಾಯಿತಿಯಲ್ಲಿ ಕೇಳಿಕೊಳ್ಳುವುದೂ ಇದೆ. ಜಗಲಿ ಮರೆಗೂ ಒಂದು ಮಾತು ಕೇಳಿಬಿಡಿ, ನಷ್ಟವಿಲ್ಲ.

ಈಗ ಗಾಳಿಯ ವಿಷಯ. ನಮ್ಮ ಕಡೆ ಜನ ಇದನ್ನು ಕಡೆಗಣಿಸುವಷ್ಟು ಬೇರೆ ಯಾವುದನ್ನೂ ಕಡೆಗಣಿಸುವುದಿಲ್ಲ. ಮನೆಯ ಗೋಡೆಗೆ ಪಕ್ಕದ ಗೋಡೆಗಳು, ಮೇಲಿನ ಚಾವಣಿ ಆಸರೆ ಕೊಡುತ್ತವೆ. ಒಂಟಿ ಗೋಡೆಗೆ ಆಸರೆ ಬುಡದಲ್ಲಿ ಮಾತ್ರ. ನಿಮ್ಮದು ಪಶ್ಚಿಮ ದಿಕ್ಕು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆ ಗಾಳಿ ಬರುವುದೇ ಆ ಕಡೆಯಿಂದ. ನಮ್ಮ ಒಳನಾಡಿಗೆ ಎಂಜಿನಿಯರ್‌ಗಳು ಗಾಳಿಯ ಮೂಲ ವೇಗವನ್ನು ಸೆಕೆಂಡಿಗೆ 33 ಮೀಟರ್ ಅಂತ ಹಿಡಿಯುತ್ತಾರೆ. ಅಂದರೆ ಗಂಟೆಗೆ ಸುಮಾರು 120 ಕಿಲೋಮೀಟರ್. ಆ ವೇಗದ ಗಾಳಿ ಒಂದು ಚದರ ಮೀಟರಿಗೆ ಸುಮಾರು 65 ಕೆಜಿ ತೂಕದಷ್ಟು ಒತ್ತುತ್ತದೆ. 20 ಅಡಿ ಉದ್ದ, 7 ಅಡಿ ಎತ್ತರದ ಮುಚ್ಚಿದ ಗೋಡೆಗೆ ಒಟ್ಟು 800 ಕೆಜಿಗಿಂತ ಜಾಸ್ತಿ. 12 ಅಡಿ ಎತ್ತರಕ್ಕೆ ಹೋದರೆ 1,400 ಕೆಜಿ ದಾಟುತ್ತದೆ. ಒತ್ತಡ ಜಾಸ್ತಿಯಾಗುವುದರ ಜೊತೆಗೆ ಅದು ಕೆಲಸ ಮಾಡುವ ಎತ್ತರವೂ ಮೇಲೇರುತ್ತದೆ. ಹಾಗಾಗಿ ಗೋಡೆಯ ಎತ್ತರ ಎರಡರಷ್ಟಾದರೆ ಅದನ್ನು ಮಗುಚುವ ಬಲ ನಾಲ್ಕರಷ್ಟಾಗುತ್ತದೆ.

4 ಇಂಚಿನ ಬ್ಲಾಕ್ ಗೋಡೆ ಪಿಲ್ಲರ್ ಇಲ್ಲದೆ 6 ಅಡಿ ಎತ್ತರಕ್ಕೂ ಈ ಗಾಳಿಯನ್ನು ತಡೆಯುವುದಿಲ್ಲ. 9 ಇಂಚಿನ ಇಟ್ಟಿಗೆ ಗೋಡೆಗೂ ತನ್ನ ತೂಕ ಒಂದೇ ಸಾಲದು. ನಾಲ್ಕಾರು ವರ್ಷ ಏನೂ ಆಗದೆ ನಿಂತಿರುತ್ತದೆ. ಒಂದು ಮಳೆಗಾಲದಲ್ಲಿ ಪಾಯದ ಮಣ್ಣು ನೆನೆದು ಮೆತ್ತಗಾದ ದಿನ ಜೋರು ಗಾಳಿ ಬಂದರೆ ಇಡೀ ಗೋಡೆ ಹಲಗೆಯಂತೆ ಮಲಗುತ್ತದೆ. ಅದರ ಪಕ್ಕದಲ್ಲಿ ಮಕ್ಕಳು ಆಡುತ್ತಿರಬಹುದು. ಅದಕ್ಕೇ ನಾನು ಈ ಒಂದು ವಿಷಯದಲ್ಲಿ ರಾಜಿ ಒಪ್ಪುವುದಿಲ್ಲ. ಒಂಟಿ ಗೋಡೆಗೆ ಕಬ್ಬಿಣ ಹಾಕಿದ ಕಾಂಕ್ರೀಟ್ ಪಿಲ್ಲರ್ ಬೇಕೇ ಬೇಕು.

ನಿಮ್ಮ ಜಾಗಕ್ಕೆ ನಾನು ಹೇಳುವುದು ಎರಡು ಭಾಗದ ಮರೆ. ಕೆಳಗೆ ಮೂರೂವರೆ ಅಡಿ ಗಟ್ಟಿ ಗೋಡೆ. ಮೇಲೆ ಮೂರೂವರೆ ಅಡಿ ಓರೆ ಪಟ್ಟಿಗಳ ಚೌಕಟ್ಟು. ಪೂರ್ತಿ ಮುಚ್ಚಿದ ಗೋಡೆ ಗಾಳಿಯನ್ನು ತಡೆದಂತೆ ಕಂಡರೂ ಗಾಳಿ ಅದರ ತಲೆ ಮೇಲೆ ಹಾರಿ ಒಳಗೆ ಸುಳಿಯುತ್ತದೆ. ಸಂದಿ ಇರುವ ಮರೆ ಗಾಳಿಯನ್ನು ಸೋಸಿ ನಿಧಾನ ಮಾಡುತ್ತದೆ. ಜಗಲಿಯಲ್ಲಿ ಕೂರಲು ಹಿತ, ಪಿಲ್ಲರಿಗೂ ಭಾರ ಕಡಿಮೆ.

ಪಟ್ಟಿಗಳನ್ನು ಯಾವ ಕಡೆ ಓರೆ ಮಾಡಬೇಕು ಅನ್ನುವುದು ಮುಖ್ಯ. ಹೊರಗಿನ ಅಂಚು ಕೆಳಗೆ, ಒಳಗಿನ ಅಂಚು ಮೇಲೆ. ಹೀಗಿಟ್ಟರೆ ಮೇಲಿನ ಬಾಲ್ಕನಿಯಿಂದ ಕೆಳಗಿಳಿಯುವ ನೋಟಕ್ಕೆ ಪಟ್ಟಿ ಅಡ್ಡ ಬರುತ್ತದೆ. ಮಳೆ ನೀರು ಹೊರಗೆ ಜಾರುತ್ತದೆ. ಒಳಗೆ ಕೂತ ನಿಮಗೆ ಸಂದಿಯಲ್ಲಿ ನಿಮ್ಮ ಹಿತ್ತಲ ಗಿಡಗಳು ಕಾಣುತ್ತವೆ. 4 ಇಂಚು ಅಗಲದ ಪಟ್ಟಿಯನ್ನು 45 ಡಿಗ್ರಿ ಓರೆಯಲ್ಲಿ, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 3.5 ಇಂಚು ಬಿಟ್ಟು ಕೂರಿಸಿದರೆ ನಿಮ್ಮ ಬಾಲ್ಕನಿಯ ಕೋನಕ್ಕೆ ಏನೂ ಕಾಣುವುದಿಲ್ಲ. ಮೂರೂವರೆ ಅಡಿಗೆ 12 ಪಟ್ಟಿ ಸಾಕು.

ಪಾಯದಲ್ಲಿ ಒಂದು ಎಚ್ಚರಿಕೆ. ಈಗಿರುವ ಸೈಜುಗಲ್ಲಿನ ಕಟ್ಟೆಯ ತಲೆ ಮೇಲೆ ಗೋಡೆ ಎಬ್ಬಿಸಬೇಡಿ. ಆ ಕಟ್ಟೆ ಜಗಲಿಯ ಮಣ್ಣು ತಡೆಯಲು ಮಾಡಿದ್ದು, ಗಾಳಿಯ ಎಳೆತ ತಡೆಯಲು ಅಲ್ಲ. ಜಗಲಿ ಒಳಗೂ ಗುಂಡಿ ತೋಡಬೇಡಿ, ಅದು ತುಂಬಿಸಿದ ಮಣ್ಣು. ಕಟ್ಟೆಯ ಹೊರಗೆ, ತಗ್ಗಿನ ಗಟ್ಟಿ ನೆಲದಲ್ಲಿ ನಾಲ್ಕು ಗುಂಡಿ ತೆಗೆಸಿ. ಎರಡು ತುದಿಗೆ, ನಡುವೆ ಎರಡು. ಆಗ ಒಂದರಿಂದ ಒಂದಕ್ಕೆ 6 ಅಡಿ 8 ಇಂಚು ಬರುತ್ತದೆ. ಪ್ರತಿ ಗುಂಡಿ 3 ಅಡಿ ಉದ್ದ, 3 ಅಡಿ ಅಗಲ, 3 ಅಡಿ ಆಳ. ತಳಕ್ಕೆ ಬೆಡ್ ಕಾಂಕ್ರೀಟ್, ಮೇಲೆ ಕಂಬಿಯ ಜಾಲರಿ ಕಟ್ಟಿದ ಫುಟಿಂಗ್ (ಪಿಲ್ಲರಿನ ಅಗಲವಾದ ಪಾದ), ಅದರಿಂದ 9 ಇಂಚು ಚೌಕದ ಪಿಲ್ಲರ್. 12 ಎಂಎಂ ಕಂಬಿ ನಾಲ್ಕು, 8 ಎಂಎಂ ರಿಂಗ್ 6 ಇಂಚಿಗೊಂದು. ಕಟ್ಟೆಯ ಬುಡಕ್ಕೆ ಒತ್ತಿ ತೋಡಿದರೆ ಕಟ್ಟೆ ಜರಿಯುತ್ತದೆ. ಹಾಗಾಗಿ ಸ್ವಲ್ಪ ದೂರ ಬಿಡಿ, ನಾಲ್ಕನ್ನೂ ಒಂದೇ ಸಲ ತೆಗೆಯಬೇಡಿ. ಒಬ್ಬ ಸ್ಥಳೀಯ ಎಂಜಿನಿಯರ್ ಮಣ್ಣು ನೋಡಿ ಈ ಅಳತೆಗೆ ಒಪ್ಪಿಗೆ ಕೊಡಲಿ. ಕಡೂರು, ಅಜ್ಜಂಪುರದ ಕಡೆಯ ಕಪ್ಪು ಮಣ್ಣಾದರೆ ಲೆಕ್ಕವೇ ಬೇರೆ. ಅದು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ನಿಮ್ಮ ಕೆಂಪು ಮಣ್ಣಿಗೆ ಆ ತೊಂದರೆ ಇಲ್ಲ.

ಪಿಲ್ಲರ್‌ಗಳ ನಡುವೆ ಜಗಲಿ ಮಟ್ಟದಲ್ಲಿ 9 ಇಂಚು ಎತ್ತರದ ಬೀಮ್ ಹಾಕಿ. ಗೋಡೆ ಆ ಬೀಮಿನ ಮೇಲೆ ನಿಲ್ಲುತ್ತದೆ. ಬೀಮಿನ ಕೆಳಗೆ ನೆಲದ ತನಕ ಖಾಲಿ ಬಿಡಿ. ಹಳೇ ಕಟ್ಟೆಯ ನೀರು ಹೋಗುವ ತೂತುಗಳು ಮುಚ್ಚಬಾರದು. ಮಳೆಗಾಲದಲ್ಲಿ ಜಗಲಿ ಮಣ್ಣಿನಿಂದ ನೀರು ಹೊರಬರದಿದ್ದರೆ ಅದು ಕಟ್ಟೆಯನ್ನೇ ತಳ್ಳುತ್ತದೆ. ಮಲೆನಾಡಿನ ಇಳಿಜಾರಿನಲ್ಲಿ ಬೀಳುವ ಗೋಡೆಗಳನ್ನು ನೋಡಿದರೆ ತುಂಬಾ ಸಲ ಕಾರಣ ಇದೇ.

ಅಡುಗೆಮನೆ ಗೋಡೆಗೆ ತಾಗುವ ಕಡೆ ಹೊಸ ಗೋಡೆಯನ್ನು ಕಚ್ಚಿಸಬೇಡಿ. ಮನೆ ಕೂರಬೇಕಾದಷ್ಟು ಆಗಲೇ ಕೂತಿದೆ, ಹೊಸ ಗೋಡೆ ಇನ್ನು ಕೂರಬೇಕು. ಎರಡನ್ನೂ ಸೇರಿಸಿದರೆ ಬಿರುಕು ಖಂಡಿತ. ಅರ್ಧ ಇಂಚು ಸಂದಿ ಬಿಟ್ಟು, ಫೋಮ್ ತುಂಬಿ, ಮೇಲೆ ಸೀಲೆಂಟ್ ಹಚ್ಚಿಸಿ.

ಇನ್ನು ಸಾಮಗ್ರಿ. ಕೆಳಗಿನ ಗೋಡೆಗೆ 6 ಇಂಚಿನ ಸಾಲಿಡ್ ಬ್ಲಾಕ್ ಸಾಕು. ಬ್ಲಾಕ್ ಒಳ್ಳೆಯದೋ ಅಲ್ಲವೋ ಅಂತ ಮನೆಯಲ್ಲೇ ನೋಡಬಹುದು. ಚೆನ್ನಾಗಿ ಒಣಗಿದ ಬ್ಲಾಕನ್ನು ಕಾಫಿ ತೂಗುವ ತಕ್ಕಡಿಯಲ್ಲಿ ತೂಗಿ. ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಿ. ತೂಕ ನೂರಕ್ಕೆ 10ಕ್ಕಿಂತ ಜಾಸ್ತಿ ಏರಿದರೆ ವಾಪಸ್ ಕಳಿಸಿ. ಕಾಂಕ್ರೀಟ್ ಬ್ಲಾಕಿಗೆ ಭಾರತೀಯ ಮಾನದಂಡ ಹೇಳುವ ಮಿತಿ ಅದೇ. ಸುಟ್ಟ ಇಟ್ಟಿಗೆಗೆ ಮಿತಿ 20. ಇದರಿಂದಲೇ ನಮ್ಮ ಮಳೆಗೆ ಬಯಲಲ್ಲಿ ನಿಲ್ಲುವ ಗೋಡೆಗೆ ಬ್ಲಾಕ್ ಯಾಕೆ ವಾಸಿ ಅಂತ ಗೊತ್ತಾಗುತ್ತದೆ. ಒಳಗೆಲ್ಲ ಗಾಳಿಗುಳ್ಳೆ ಇರುವ, ಹಗುರವಾದ ಎಎಸಿ ಬ್ಲಾಕನ್ನು ಇಲ್ಲಿಗೆ ತರಬೇಡಿ. ಅದು ನೀರನ್ನು ಹೀರುತ್ತದೆ, ತೂಕವೂ ಇಲ್ಲ. ಮನೆಯ ಒಳಗೋಡೆಗೆ ಅದು ಚೆನ್ನ.

ಘಟ್ಟದ ಕೆಳಗಿನಿಂದ ಬರುವ ಕೆಂಪು ಜಂಬಿಟ್ಟಿಗೆ ಕಲ್ಲು ನಿಮಗೆ ಇಷ್ಟವಾದರೆ ಅದನ್ನೂ ಬಳಸಬಹುದು. ನೋಡಲು ಬಲು ಚೆಂದ. ಕಡಿದಾಗ ಮೆತ್ತಗಿದ್ದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು ಅದು. ಆದರೆ ತೂತು ತೂತಾಗಿರುವುದರಿಂದ ನೀರು ಹಿಡಿದಿಟ್ಟುಕೊಳ್ಳುತ್ತದೆ. ಪಶ್ಚಿಮದ ಮಳೆ ನೇರ ಹೊಡೆಯುವ ಕಡೆ ಹಾವಸೆ ಕಟ್ಟಿ ಕಪ್ಪಾಗುತ್ತದೆ. ಚಿಕ್ಕಮಗಳೂರು ಪೇಟೆಯಲ್ಲಿ ಘಟ್ಟದ ಅಂಚಿನಷ್ಟು ಮಳೆ ಇಲ್ಲ. ಇದೇ ಪ್ರಶ್ನೆ ಶೃಂಗೇರಿಯಿಂದಲೋ ಮೂಡಿಗೆರೆಯಿಂದಲೋ ಸಕಲೇಶಪುರದಿಂದಲೋ ಬಂದಿದ್ದರೆ ಗಾರೆ ಇಲ್ಲದ ಜಂಬಿಟ್ಟಿಗೆ ಬೇಡ ಅನ್ನುತ್ತಿದ್ದೆ. ಸೈಜುಗಲ್ಲಿಗೆ ಆ ಹೆದರಿಕೆ ಇಲ್ಲ. ಆದರೆ ಅದಕ್ಕೆ ದಪ್ಪ ಬೇಕು, ನಿಮ್ಮ ತೂಗು ಬೀಮಿಗೆ ಹೊಂದುವುದಿಲ್ಲ.

ಇಟ್ಟಿಗೆ ಜಾಲಿಯ, ಅಂದರೆ ನಡುನಡುವೆ ತೂತು ಬಿಟ್ಟು ಕಟ್ಟುವ ಗೋಡೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ವಾಸ್ತುಶಿಲ್ಪಿ ಲಾರಿ ಬೇಕರ್ ಅವರಿಂದಾಗಿ ಕೇರಳದಲ್ಲಿ ತುಂಬಾ ಬಳಕೆಗೆ ಬಂದ ವಿಧಾನ. ಬೇಲೂರಿನ ಚೆನ್ನಕೇಶವ ದೇವಸ್ಥಾನದಲ್ಲಿ ಕಲ್ಲಿನ ಜಾಲಂಧ್ರಗಳನ್ನು, ಅಂದರೆ ತೂತು ಕೊರೆದ ಕಲ್ಲಿನ ಪರದೆಗಳನ್ನು ನೋಡಿರುತ್ತೀರಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದಾಗ ಆ ಮಂಟಪ ತೆರೆದಿತ್ತು. ಆಮೇಲೆ ವೀರಬಲ್ಲಾಳನ ಕಾಲದಲ್ಲಿ ಕಂಬಗಳ ನಡುವೆ ಜಾಲಂಧ್ರ ಕೂರಿಸಿದರು. ತೆರೆದ ಜಾಗಕ್ಕೆ ಆಮೇಲೆ ಮರೆ ಕೊಡುವ ಕೆಲಸವನ್ನು ನಮ್ಮ ಜಿಲ್ಲೆಗಳ ಶಿಲ್ಪಿಗಳು ಅಷ್ಟು ಸೊಗಸಾಗಿ ಮಾಡಿದ್ದಾರೆ ಅನ್ನುವುದು ನನಗೆ ಪ್ರತಿ ಸಲ ಖುಷಿ ಕೊಡುತ್ತದೆ. ಜಾಲಿಯಲ್ಲಿ ತೂತಿನ ಅಗಲಕ್ಕಿಂತ ಗೋಡೆಯ ದಪ್ಪ ಜಾಸ್ತಿ ಇದ್ದರೆ ಓರೆಯಿಂದ ನೋಡಿದವರಿಗೆ ಒಳಗೆ ಕಾಣುವುದಿಲ್ಲ. ನೇರ ಎದುರು ನಿಂತವರಿಗೆ ಕಾಣುತ್ತದೆ. ನಿಮ್ಮ ಬಾಲ್ಕನಿಯ ಕೋನ ಅಷ್ಟೇನೂ ಕಡಿದಲ್ಲ, ಮೂರು ಅಡಿಗೆ ಒಂದು ಅಡಿ ಇಳಿಯುವಷ್ಟು. ಅದಕ್ಕೇ ನಿಮಗೆ ಜಾಲಿಗಿಂತ ಓರೆ ಪಟ್ಟಿ ವಾಸಿ.

ಪಟ್ಟಿ ಯಾವುದರದ್ದು? ನನ್ನ ಮೊದಲ ಆಯ್ಕೆ ಪೌಡರ್ ಕೋಟಿಂಗ್ ಮಾಡಿದ ಅಲ್ಯೂಮಿನಿಯಂ. ತುಕ್ಕು ಹಿಡಿಯುವುದಿಲ್ಲ, ಗೆದ್ದಲಿಲ್ಲ, ಹಗುರ. 6 ಅಡಿ ಒಂದೇ ತುಂಡಾದರೆ ಗಾಳಿಗೆ ನಡುಗುತ್ತದೆ. ಹಾಗಾಗಿ ಎರಡು ಪಿಲ್ಲರಿನ ನಡುವೆ ಇನ್ನೊಂದು ನಿಲುವು ಕೊಡಿ. ಹಸಿ ಸಿಮೆಂಟು ತಾಗಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಗಾರೆ, ಬಣ್ಣ ಎಲ್ಲ ಮುಗಿದ ಮೇಲೆಯೇ ತಂದು ಕೂರಿಸಿ. ಸ್ಟೇನ್‌ಲೆಸ್ ಸ್ಕ್ರೂ, ನಡುವೆ ನೈಲಾನ್ ವಾಷರ್. ಚೌಕಟ್ಟು ಕಬ್ಬಿಣದ್ದೇ ಮಾಡಿಸುವುದಾದರೆ ಸತು ಲೇಪಿಸಿದ ಜಿಐ ಪೈಪ್ ಇರಲಿ. ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗಿರುತ್ತದೆ. ತುಕ್ಕು ಶುರುವಾಗುವುದು ಅಲ್ಲೇ. ಅಲ್ಲಿ ಜಿಂಕ್ ಪ್ರೈಮರ್ ಹಚ್ಚದೆ ಬಣ್ಣ ಹೊಡೆಯಲು ಬಿಡಬೇಡಿ. ಪೈಪಿನ ತಲೆ ಮುಚ್ಚಿಸಿ, ಬುಡದಲ್ಲಿ ನೀರು ಇಳಿಯಲು ಸಣ್ಣ ತೂತು ಬಿಡಿಸಿ.

ತೋಟದಲ್ಲಿ ಕಡಿದಿಟ್ಟ ಹಳೇ ತೇಗ ಇದ್ದರೆ ಅದರ ಕೆಚ್ಚಿನ ಪಟ್ಟಿ ಎಲ್ಲಕ್ಕಿಂತ ಚೆಂದ. ವರ್ಷಕ್ಕೊಮ್ಮೆ ಎಣ್ಣೆ ಕೊಡಬೇಕು. ಸಿಲ್ವರ್ ಓಕ್ ಮಾತ್ರ ಬೇಡ. ತೋಟದಲ್ಲಿ ಬೇಕಾದಷ್ಟು ಇದೆ ಅಂತ ಜನ ಬಳಸುತ್ತಾರೆ. ಹೊರಗಿನ ಮಳೆಗೆ, ಗೆದ್ದಲಿಗೆ ಅದು ತಡೆಯುವುದಿಲ್ಲ.

ಬಿದಿರು ನನಗೂ ಇಷ್ಟ. ಆದರೆ ಅದನ್ನು ಮಳೆಗೆ ಒಡ್ಡಿದ ಮರೆಗೆ ಬಳಸುವಾಗ ಒಂದು ವಿಷಯ ತಿಳಿದಿರಬೇಕು. ಹುಳ ಬೀಳದಂತೆ ಬಿದಿರಿಗೆ ಬೊರಾಕ್ಸ್ ಮತ್ತು ಬೋರಿಕ್ ಆ್ಯಸಿಡ್ ಉಣಿಸುತ್ತಾರೆ. ಅದು ನೀರಿನಲ್ಲಿ ಕರಗುವ ಉಪ್ಪು. ಸೂರಿನಡಿ ಇರುವ ಬಿದಿರಿಗೆ ಒಳ್ಳೆಯ ರಕ್ಷಣೆ. ಮಳೆಗೆ ನೇರ ನೆನೆಯುವ ಬಿದಿರಿನಿಂದ ಅದು ತೊಳೆದುಹೋಗುತ್ತದೆ. ಹಾಗಾಗಿ ನಿಮ್ಮ ಕಡೆ ಬಿದಿರು ಹಾಕಿದರೆ ಕೆಲವೇ ವರ್ಷಕ್ಕೊಮ್ಮೆ ಬದಲಿಸಲು ತಯಾರಿರಿ. ಮೂರು ವರ್ಷ ಬಲಿತ ಗಳ, ಮಳೆ ಮುಗಿದ ಮೇಲೆ ಕಡಿದದ್ದು ಇರಲಿ. ನೆಲಕ್ಕೆ ಮಾತ್ರ ತಾಗಿಸಬೇಡಿ. ಡಬ್ಲ್ಯುಪಿಸಿಗೆ ಗೆದ್ದಲಿನ ಕಾಟ ಕಡಿಮೆ, ಆದರೆ ಬಿಸಿಲಿಗೆ ಹಿಗ್ಗುತ್ತದೆ, ಆಸರೆ ದೂರವಾದರೆ ಜೋತುಬೀಳುತ್ತದೆ. ಕೋತಿ ಹತ್ತಿ ಕುಣಿದರೆ ಟೊಳ್ಳು ಪಟ್ಟಿ ಮುರಿಯುತ್ತದೆ. ಅಂಗಡಿಯವರು ಇದನ್ನು ಹೇಳಿರಲಾರರು.

ಗೋಡೆಯ ಆಯಸ್ಸು ಅದರ ತಲೆಯಲ್ಲಿದೆ. ಬ್ಲಾಕ್ ಗೋಡೆಯ ಮೇಲೆ ಗ್ರಾನೈಟ್ ಅಥವಾ ಕಡಪ ಕಲ್ಲಿನ ಕೋಪಿಂಗ್ ಹಾಸಿ. ಎರಡೂ ಕಡೆ 2 ಇಂಚು ಹೊರಚಾಚಿರಲಿ, ಹೊರಕ್ಕೆ ಸ್ವಲ್ಪ ಇಳಿಜಾರಿರಲಿ. ಚಾಚಿದ ಅಂಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೀರು ಕೊರೆಸಿ. ನೀರು ಆ ಗೀರು ದಾಟಿ ಗೋಡೆಗೆ ಬರುವುದಿಲ್ಲ, ಅಲ್ಲೇ ತೊಟ್ಟಿಕ್ಕುತ್ತದೆ. ಈ ಸಣ್ಣ ಗೀರಿಲ್ಲದೆ ಎಷ್ಟು ಒಳ್ಳೆಯ ಬಣ್ಣ ಹೊಡೆದರೂ ಎರಡು ಮಳೆಗಾಲಕ್ಕೆ ಕಪ್ಪು ಗೆರೆ ಇಳಿಯುತ್ತದೆ. ಪಟ್ಟಿಯ ಚೌಕಟ್ಟನ್ನು ಕೋಪಿಂಗ್ ಮೇಲೆ ತೂತು ಕೊರೆದು ನಿಲ್ಲಿಸಬೇಡಿ. ಅದನ್ನು ಪಿಲ್ಲರಿನ ಪಕ್ಕಕ್ಕೆ ಬೋಲ್ಟ್ ಮಾಡಿಸಿ. ನಡುವಿನ ನಿಲುವು ಚೌಕಟ್ಟಿಗೇ ಸೇರಿರಲಿ.

ಕೆಲಸವನ್ನು ಡಿಸೆಂಬರ್‌ನಲ್ಲಿ ಶುರು ಮಾಡಿದರೆ ಬಣ್ಣ ಸೇರಿ ಏಪ್ರಿಲ್ ಒಳಗೆ ಆರಾಮಾಗಿ ಮುಗಿಯುತ್ತದೆ. ಬ್ಲಾಕ್ ಕಟ್ಟಲು ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳಿನ ಗಾರೆ. ಪಿಲ್ಲರಿಗೆ, ಗೋಡೆಗೆ ಕನಿಷ್ಠ 7 ದಿನ ನೀರು ಹಾಕಲೇಬೇಕು, 10 ದಿನವಾದರೆ ಇನ್ನೂ ಒಳ್ಳೆಯದು. ಬೇಸಿಗೆಯಲ್ಲಿ ಗೋಣಿ ಸುತ್ತಿ ನೆನೆಸಿ. ಗಾರೆ ಆದ ಮೇಲೆ ಸುಮಾರು ಒಂದು ತಿಂಗಳು ಒಣಗಲು ಬಿಟ್ಟು ಬಣ್ಣ ಹೊಡೆಸಿ. ಹಸಿ ಗೋಡೆಗೆ ಹೊಡೆದ ಬಣ್ಣ ಹಪ್ಪಳದ ಹಾಗೆ ಏಳುತ್ತದೆ.

ಜಗಲಿಯಲ್ಲಿ ಕಾಳುಮೆಣಸು ಒಣಗಿಸುವ ಅಭ್ಯಾಸ ಇದ್ದರೆ ಇದನ್ನೂ ಯೋಚಿಸಿ. ಜನವರಿಯಲ್ಲಿ ಸಂಜೆ ನಾಲ್ಕರ ಹೊತ್ತಿಗೆ 7 ಅಡಿ ಮರೆಯ ನೆರಳು ಜಗಲಿಯ ಬಹುಭಾಗವನ್ನು ಮುಚ್ಚುತ್ತದೆ. ಇನ್ನು ಮಾತಿನ ಸದ್ದು. ಕೆಳಗಿನ ಬ್ಲಾಕ್ ಗೋಡೆ ಸ್ವಲ್ಪ ತಡೆಯಬಹುದು, ಮೇಲಿನ ಬಾಲ್ಕನಿಯಿಂದ ಬರುವ ಸದ್ದನ್ನು ಈ ಮರೆ ತಡೆಯುವುದಿಲ್ಲ. ಆ ನಿರೀಕ್ಷೆ ಬೇಡ. ಗಡಿಯ ಕಡೆ ಖಾಲಿ ಉಳಿದ 11 ಅಡಿಯಲ್ಲಿ ಒಂದೆರಡು ಮರ ಬೆಳೆಸಿ. ಮಲ್ಲಿಗೆ ಬಳ್ಳಿ ಹಬ್ಬಿಸುವುದಾದರೆ ಗೋಡೆಯಿಂದ 4 ಇಂಚು ದೂರಕ್ಕೆ ತಂತಿ ಕಟ್ಟಿ ಅದರ ಮೇಲೆ ಹಬ್ಬಿಸಿ. ಗೋಡೆಗೆ ಬೇರು ಅಂಟಿಸುವ ಬಳ್ಳಿ ಬೇಡ.

ಕೊನೆಗೆ ಒಂದು ಮಾತು ಮೇಸ್ತ್ರಿಗೆ ಮೊದಲೇ ಹೇಳಿಡಿ. ಹೋಂಸ್ಟೇಯವರು ಇನ್ನೊಂದು ಮಹಡಿ ಎಬ್ಬಿಸಿದರೆ ಅಲ್ಲಿನ ಕಣ್ಣು ಸುಮಾರು 25 ಅಡಿಗೆ ಹೋಗುತ್ತದೆ. ಆಗ ನಿಮ್ಮ ಮರೆ 9 ಅಡಿ ಬೇಕಾಗುತ್ತದೆ. ಅಷ್ಟು ಎತ್ತರಕ್ಕೆ ಮರೆ ಏರಿಸುವ ಬದಲು ಜಗಲಿಯ ಮೇಲೆ ಪಟ್ಟಿಗಳ ಚಪ್ಪರ ಹಾಕುವುದು ಸರಿ. ಅದಕ್ಕಾಗಿ ಈಗಲೇ ನಾಲ್ಕೂ ಪಿಲ್ಲರಿನ ತಲೆಗೆ ಬೋಲ್ಟ್ ಸಮೇತ ಒಂದೊಂದು ಕಬ್ಬಿಣದ ತಟ್ಟೆ ಕಾಂಕ್ರೀಟಿನಲ್ಲಿ ಹುದುಗಿಸಲಿ. ಜಿಂಕ್ ಪ್ರೈಮರ್ ಹಚ್ಚಿ, ಮೇಲೆ ಗ್ರೀಸ್ ಬಳಿದು ಮುಚ್ಚಳ ಹಾಕಿಡಿ. ಈಗ ಅದಕ್ಕೆ ಹೆಚ್ಚಿನ ಖರ್ಚಿಲ್ಲ. ಆಮೇಲೆ ಪಿಲ್ಲರ್ ಕೊರೆದು ಹಾಕಿಸುವುದು ಮಾತ್ರ ದೊಡ್ಡ ಕೆಲಸ.